ಹಂಚಿನ ಮನೆಯ ವಾರಸುದಾರರಿಗೆ

ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳ ಮಾಲೀಕರಿಗೆ, ಆ ಮನೆಗಳಲ್ಲಿ ಪಾಲು ಇರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ದೂರದೇಶದಲ್ಲಿದ್ದು ಇಂದೋ ನಾಳೆಯೋ ಒಂದು ಕರಾರಿಗೆ ಸಹಿ ಹಾಕಬೇಕಾಗಿ ಬರುವ ಮಕ್ಕಳಿಗೆ,



ಪರಂಪರೆ ಉಳಿಸಿ ಎನ್ನುವ ಪತ್ರಗಳು ಸಾಮಾನ್ಯವಾಗಿ ಮುಖ್ಯಮಂತ್ರಿಗೋ ಆಯುಕ್ತರಿಗೋ ಹೋಗುತ್ತವೆ. ಇದನ್ನು ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಬೆಂಗಳೂರಿನ ಹಳೆಯ ಬಡಾವಣೆಗಳನ್ನು ಕಾಪಾಡುವ ಮಾತು ಎದ್ದಾಗಲೆಲ್ಲ ‘ಅವು ಖಾಸಗಿ ಸ್ವತ್ತು, ಮಾಲೀಕರು ಒಪ್ಪುವುದಿಲ್ಲ’ ಎನ್ನುವಲ್ಲಿಗೆ ಚರ್ಚೆ ಬಂದು ನಿಲ್ಲುತ್ತದೆ. ಬೀದಿಬೀದಿಗೆ ಬಂದು ನಿಮ್ಮನ್ನು ಕೇಳಿದವರು ಯಾರೂ ಇಲ್ಲ. ನಿಮ್ಮ ಹೆಸರಿನಲ್ಲಿ ಉತ್ತರ ಮಾತ್ರ ಹೋಗುತ್ತಿದೆ. ನಾನೂ ನಿಮ್ಮಲ್ಲೊಬ್ಬ. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ತಾತ ಕಟ್ಟಿಸಿದ ಮನೆಯಲ್ಲಿ ನನಗೂ ಒಂದು ಪಾಲಿದೆ. ಹಾಗಾಗಿ ಈ ಮಾತನ್ನು ಹೊರಗಿನವನಾಗಿ ಆಡುತ್ತಿಲ್ಲ.

ನನ್ನ ಕೋರಿಕೆ ಇಷ್ಟು. ಇಲ್ಲೊಂದು ಅಲ್ಲೊಂದು ಕಟ್ಟಡವನ್ನು ಆರಿಸಿ ಕಾಯುವ ಈಗಿನ ಕ್ರಮವನ್ನು ಇಡೀ ಬೀದಿಗಳಿಗೆ, ಇಡೀ ಬಡಾವಣೆಗಳಿಗೆ ವಿಸ್ತರಿಸಬೇಕು. ಹಾಗೆ ವಿಸ್ತರಿಸುವಾಗ ಮನೆಯವರಿಗೆ ಆಗುವ ನಷ್ಟವನ್ನು ಊರು ತುಂಬಿಕೊಡಬೇಕು. ಈ ಎರಡನ್ನೂ ಒಟ್ಟಿಗೆ ಕೇಳಬೇಕಾದವರು ನಾವು.

ಕೇಳಲು ಕಾಲವೂ ಕೂಡಿಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಊರಿನ ಮಾಸ್ಟರ್ ಪ್ಲಾನ್ ಮಾತ್ರ ಹಳೆಯದೇ ಉಳಿದಿದೆ. 2007ರಲ್ಲಿ ಜಾರಿಗೆ ಬಂದು, 2015ರವರೆಗೆ ಎಂದು ಹೆಸರು ಹೊತ್ತ ಪ್ಲಾನಿನ ಮೇಲೆಯೇ ನಾವು ಬದುಕುತ್ತಿದ್ದೇವೆ. 2031ಕ್ಕೆಂದು ಮಾಡಿದ ಕರಡು 2017ರ ಕೊನೆಯಲ್ಲಿ ಹೊರಬಂತು, 2020ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಆ ಕರಡಿನ ಮೇಲೆ ಜನರ ತಕರಾರುಗಳು ಬಹಳವಿದ್ದವು, ಅವುಗಳಲ್ಲಿ ಹೆಚ್ಚಿನವು ನ್ಯಾಯವಾದವೇ. ಆದರೆ ಅದರಲ್ಲೊಂದು ಒಳ್ಳೆಯ ಬೀಜವಿತ್ತು. ಒಂಟಿ ಕಟ್ಟಡಗಳ ಪಟ್ಟಿಯನ್ನು ದಾಟಿ, ಮಲ್ಲೇಶ್ವರ, ಬಸವನಗುಡಿಯಂಥ ಪ್ರದೇಶಗಳನ್ನೇ ಪಾರಂಪರಿಕ ವಲಯಗಳೆಂದು ಅದು ಗುರುತಿಸಿತ್ತು. ಕರಡು ಹೋದಾಗ ಆ ಯೋಚನೆಯೂ ಅದರ ಜೊತೆ ಕಡತ ಸೇರಿತು. ಮುಂದಿನ ಪ್ಲಾನಿನಲ್ಲಿ ಅದು ತಾನಾಗಿ ಮರಳಿ ಬರುತ್ತದೆಂದು ನಂಬಿ ಕೂರುವಂತಿಲ್ಲ.

ಏನನ್ನು ಕಾಪಾಡುವುದು ಎಂಬುದನ್ನು ಮೊದಲು ಹೇಳುತ್ತೇನೆ. ಏಕೆಂದರೆ ನಮ್ಮ ಮನೆಗಳಲ್ಲಿ ಅಂಥದ್ದೇನಿದೆ ಎಂದು ನಮ್ಮವರೇ ಕೇಳುತ್ತಾರೆ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಜನ ಸತ್ತರು. ಉಳಿದವರು ಮನೆ ಬಿಟ್ಟು ಬಯಲಿನಲ್ಲಿ ಶೆಡ್ಡು ಹಾಕಿಕೊಂಡರು. ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿತು. ಪೇಟೆಯ ಹೊರಗೆ ಹೊಸ ಬಡಾವಣೆಗಳನ್ನು ಮಾಡುವ ಆಲೋಚನೆ ಅದಕ್ಕೂ ಕೆಲವು ವರ್ಷ ಮೊದಲೇ ಹುಟ್ಟಿತ್ತು. ಪ್ಲೇಗು ಅದನ್ನು ಅವಸರಪಡಿಸಿತು. ಹಾಗೆ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಎದ್ದವು. ಒಂದು ಕಾಡು ಮಲ್ಲೇಶ್ವರನ ಹೆಸರು ಪಡೆಯಿತು, ಇನ್ನೊಂದು ಕೆಂಪೇಗೌಡರ ಕಾಲದ ದೊಡ್ಡ ಬಸವನ ಹೆಸರು ಪಡೆಯಿತು. ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನದಲ್ಲಿ ಶಿವಾಜಿಯ ತಮ್ಮ ಏಕೋಜಿ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ದಾಖಲೆ ಇದೆ. ನಾವು ನಿಂತಿರುವ ನೆಲ ಒಂದು ಹಳ್ಳಿಯ ನೆಲ ಎನ್ನುವುದಕ್ಕೆ ಆ ಕಲ್ಲೇ ಸಾಕ್ಷಿ.

ಪ್ಲೇಗಿಗೆ ಉತ್ತರವಾಗಿ ಎದ್ದ ಊರಾದ್ದರಿಂದ ಅದರ ಪ್ರತಿ ಅಳತೆಗೂ ಅರ್ಥವಿತ್ತು. ನೇರ ರಸ್ತೆ, ಸೈಟಿನ ನಾಲ್ಕೂ ಕಡೆ ಜಾಗ, ಮನೆಯ ಹಿಂದೆ ಕಿರುಗಲ್ಲಿ, ಮಧ್ಯೆ ಪಾರ್ಕು, ಸಾಲುಮರ. ಗಾಳಿ ಆಡಬೇಕು, ಬಿಸಿಲು ಬೀಳಬೇಕು, ಇಲಿ ಸೇರಬಾರದು. ಆ ಲೆಕ್ಕಾಚಾರದ ಮೇಲೆ ಕಟ್ಟಿದವರು ತಮ್ಮ ತಮ್ಮ ಅಭಿರುಚಿಯನ್ನು ಸೇರಿಸಿದರು. ಮುಂದೆ ಜಗುಲಿ, ಅದರ ಮೇಲೆ ಮರದ ಜಾಲರಿ, ಕಿಟಕಿಯ ನೆತ್ತಿಗೆ ಚೂಪಾದ ‘ಮಂಕಿ ಟಾಪ್’. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹುಟ್ಟಿಕೊಂಡ ಆ ಹೆಂಚು ಘಟ್ಟ ಹತ್ತಿ ಬಂದು ನಮ್ಮ ಮಾಡುಗಳನ್ನು ಮುಚ್ಚಿತು. ಹೆಂಚಿಲ್ಲದ ಕಡೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಮೇಲ್ಛಾವಣಿ. ಕೆಳಗೆ ಕಾಲಿಗೆ ತಂಪಾದ ಕೆಂಪು ಗಾರೆ ನೆಲ. ಹಿತ್ತಿಲಲ್ಲಿ ಬಾವಿ, ತೆಂಗು, ಕರಿಬೇವು. ಏಪ್ರಿಲ್‌ನಲ್ಲಿ ಫ್ಯಾನಿಲ್ಲದೆ ಮಧ್ಯಾಹ್ನದ ನಿದ್ದೆ ಮಾಡಬಹುದಾದ ಮನೆಗಳಿವು. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಅಂಥ ನೆಲದ ಮೇಲೇ ಅಂಬೆಗಾಲಿಟ್ಟವರು.

ಇಲ್ಲಿ ಬಾಳಿದವರ ಹೆಸರು ಹೇಳತೊಡಗಿದರೆ ಪತ್ರ ಬೇರೆಯೇ ದಾರಿ ಹಿಡಿಯುತ್ತದೆ. ಸರ್ ಸಿ.ವಿ. ರಾಮನ್ ಅವರ ‘ಪಂಚವಟಿ’ ಮಲ್ಲೇಶ್ವರದಲ್ಲಿದೆ, ಮಾಸ್ತಿಯವರ ಮನೆ ಗವಿಪುರದಲ್ಲಿದೆ. ಡಿವಿಜಿಯವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಎರಡೂ 1945ರಿಂದ ಬಸವನಗುಡಿಯ ಕಡೆ ಬೆಳಕು ಹಚ್ಚಿಟ್ಟಿವೆ. ದೊಡ್ಡವರ ಮನೆಗಳನ್ನು ಉಳಿಸಿಕೊಳ್ಳಲು ಮನಸ್ಸು ಮಾಡಿದರೆ ದಾರಿ ಸಿಗುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವತೊಡಗಿದಾಗ ಊರು ಎಚ್ಚೆತ್ತಿತು. ಕೆಲಸ ನಿಂತಿತು, ಮಹಾನಗರ ಪಾಲಿಕೆ ಮನೆಯನ್ನು ಕೊಂಡು ದುರಸ್ತಿ ಮಾಡಿಸಿತು, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸ್ಥಳೀಯ ಸಂಸ್ಥೆಯೊಂದು ಮನಸ್ಸಿಟ್ಟು ಮಾಡಿದ ಕೆಲಸವದು, ಅದಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ಯೋಚಿಸಿ. ಅದು ಉಳಿದದ್ದು ಒಬ್ಬ ಲೇಖಕ ಅಲ್ಲಿದ್ದರೆಂಬ ಕಾರಣಕ್ಕೆ. ನನ್ನ ತಾತ ಗುಮಾಸ್ತರಾಗಿದ್ದರು. ನಿಮ್ಮ ತಾತ ಮೇಷ್ಟರೋ ಓವರ್‌ಸಿಯರೋ ಆಗಿದ್ದಿರಬಹುದು. ಅವರು ಕಟ್ಟಿಸಿದ ಮನೆಗಳೇ ಸಾಲಾಗಿ ನಿಂತು ಈ ಬಡಾವಣೆಗಳಾಗಿರುವುದು. ಆ ಸಾಲಿಗೆ ರಕ್ಷಣೆ ಇಲ್ಲ.

ಕಾನೂನು ಇದೆಯಲ್ಲ ಎನ್ನಬಹುದು. ಸ್ಮಾರಕಗಳಿಗೆ ಕೇಂದ್ರದ ಕಾಯ್ದೆ ಇದೆ, ರಾಜ್ಯದ ಕಾಯ್ದೆಯೂ ಇದೆ. ನಮ್ಮ ಮನೆಗಳು ಸ್ಮಾರಕಗಳಲ್ಲ, ಆಗಬೇಕಾಗಿಯೂ ಇಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎಂಬ ಎರಡೂ ಮಾತುಗಳಿವೆ. ಯೋಜನಾ ಪ್ರಾಧಿಕಾರ ಘೋಷಿಸಿದರೆ ಒಂದು ಪ್ರದೇಶವೇ ಆ ಅರ್ಥದೊಳಗೆ ಬರಬಲ್ಲದು. ಬಾಗಿಲು ಇದೆ, ತೆರೆದು ಒಳಗೆ ಹೋದವರಿಲ್ಲ. ಹಿಂದೆ 1976ರಲ್ಲಿ ಬೆಂಗಳೂರು ನಗರ ಕಲಾ ಆಯೋಗ ಎಂಬುದೊಂದು ಹುಟ್ಟಿತ್ತು. ಊರಿನ ಅಂದಚಂದದ ವಿಷಯದಲ್ಲಿ ಸಲಹೆ ಕೊಡುವ ಸಂಸ್ಥೆ ಅದು. 2001ರಲ್ಲಿ ಅದನ್ನು ಮುಚ್ಚಿದರು. ಅದಾದ ಮೇಲೆ ಕಟ್ಟಡವೊಂದು ಬೀಳುವ ಮೊದಲು ‘ಸ್ವಲ್ಪ ತಾಳಿ’ ಎನ್ನುವ ಅಧಿಕೃತ ದನಿ ಊರಿಗೆ ಬಹುಕಾಲ ಇಲ್ಲದಂತಾಯಿತು.

ಸರ್ಕಾರದ ಸ್ವಂತ ಕಟ್ಟಡಗಳ ಕತೆಯೂ ಸುಖವಾಗಿಲ್ಲ. 1980ರ ದಶಕದಲ್ಲಿ ಹೈಕೋರ್ಟು ಇರುವ ಅಠಾರಾ ಕಚೇರಿಯನ್ನೇ ಕೆಡವುವ ಮಾತು ಬಂದಿತ್ತು. ಜನ ದನಿ ಎತ್ತಿದರು, ಮೊಕದ್ದಮೆ ಹೂಡಿದರು, ಕಟ್ಟಡ ಉಳಿಯಿತು. ಇಂದು ಕಬ್ಬನ್ ಪಾರ್ಕಿನ ಅಂಚಿನಲ್ಲಿ ಆ ಕೆಂಪು ಕಂಬಸಾಲು ಇಲ್ಲದ ಬೆಂಗಳೂರನ್ನು ಊಹಿಸಲಾಗುವುದಿಲ್ಲ. ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್‌ಗೆ ಅಂಥ ಭಾಗ್ಯ ಇರಲಿಲ್ಲ. ಋತುಋತುವಿಗೂ ಒಂದೊಂದು ಮರ ಹೂ ಬಿಡುವಂತೆ ಈ ಊರಿನ ರಸ್ತೆಗಳಿಗೆ ಗಿಡ ನೆಡಿಸಿದ ಕ್ರುಂಬಿಗಲ್ ಅವರ ಹೆಸರು ಹೊತ್ತ ಆ ಕಟ್ಟಡ ವರ್ಷಗಟ್ಟಲೆ ಸೋರಿ, ಶಿಥಿಲವಾಗಿ, 2017ರಲ್ಲಿ ನೆಲಸಮವಾಯಿತು. ಅದರ ಮಾಲೀಕ ಸರ್ಕಾರವೇ ಆಗಿತ್ತು. ಸರ್ಕಾರಕ್ಕೇ ತನ್ನ ಹಳೆಯ ಮನೆಯನ್ನು ನೋಡಿಕೊಳ್ಳಲು ಆಗದಿದ್ದರೆ, ಪೆನ್ಷನ್ ಮೇಲೆ ಬದುಕುವ ವಿಧವೆಯೊಬ್ಬಳು ತನ್ನ ಮದ್ರಾಸ್ ತಾರಸಿಯನ್ನು ಹೇಗೆ ನೋಡಿಕೊಳ್ಳಬೇಕು? ಸಂರಕ್ಷಣೆಯ ಬಗ್ಗೆ ಮಾತಾಡುವ ಎಲ್ಲರೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ನಿಮ್ಮ ಕಷ್ಟಗಳು ನನಗೆ ಗೊತ್ತು. ತೊಲೆಗೆ ಗೆದ್ದಲು. ಮಳೆಗಾಲದಲ್ಲಿ ಹಜಾರದ ಮಧ್ಯೆ ಬಕೆಟ್ಟು. ಸುಣ್ಣದ ಗಾರೆಯ ಕೈ ಇರುವ ಮೇಸ್ತ್ರಿ ಸಿಗುವುದೇ ಇಲ್ಲ, ಸಿಕ್ಕವರು ಸಿಮೆಂಟು ಬಳಿದು ಹೋಗುತ್ತಾರೆ. ಆಮೇಲೆ ಗೋಡೆಯೊಳಗಿನ ತೇವ ಹೊರಬರಲಾರದೆ ಇಟ್ಟಿಗೆಯನ್ನೇ ತಿನ್ನುತ್ತದೆ. ಮೇಲೆ ನಾಲ್ಕು ಜನ ಪಾಲುದಾರರು. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಆಸ್ಪತ್ರೆಯ ಬಿಲ್ಲು. ಅಷ್ಟರಲ್ಲಿ ಬಿಲ್ಡರ್ ಕಡೆಯವರು ಬಂದು ಜಾಯಿಂಟ್ ಡೆವಲಪ್‌ಮೆಂಟ್ ಮಾಡೋಣ ಎನ್ನುತ್ತಾರೆ. ಕೆಳಗೆ ಕಾರು ನಿಲ್ಲಿಸಲು ಸ್ಟಿಲ್ಟು, ಮೇಲೆ ನಾಲ್ಕು ಮಹಡಿ, ಪಾಲುದಾರರಿಗೆ ತಲಾ ಒಂದು ಫ್ಲಾಟು, ಕೈಗೆ ಒಂದಿಷ್ಟು ಹಣ. ಜಗಳವೂ ಮುಗಿಯುತ್ತದೆ. ಹೀಗೆ ಸಹಿ ಹಾಕಿದವರನ್ನು ನಾನು ಎಂದೂ ದೂರಿಲ್ಲ. ನಮ್ಮ ಮನೆಯಲ್ಲೂ ಈ ಮಾತು ನಡೆದಿದೆ, ಇನ್ನೂ ನಡೆಯುತ್ತಿದೆ. ನಾನು ಬೇಡ ಎನ್ನುತ್ತೇನೆ, ನನ್ನ ಅಣ್ಣ ಬೇಕು ಎನ್ನುತ್ತಾನೆ. ಅವನ ಕಾರಣಗಳು ಸಣ್ಣವಲ್ಲ.

ಆದರೆ ಬೀದಿಯ ಲೆಕ್ಕ ಮನೆಯ ಲೆಕ್ಕಕ್ಕಿಂತ ಬೇರೆ. ಹತ್ತು ಮನೆಗಳ ಅಡ್ಡರಸ್ತೆಯಲ್ಲಿ ಮೊದಲನೆಯ ಮನೆ ಬಿದ್ದು ಐದು ಅಂತಸ್ತು ಎದ್ದಾಗ ಆ ಫ್ಲಾಟಿನ ಬೆಲೆ ಹೆಚ್ಚುವುದು ಅದರ ಕಿಟಕಿಯಿಂದ ಉಳಿದ ಒಂಬತ್ತು ಮನೆಗಳ ತೆಂಗಿನಮರಗಳು ಕಾಣುತ್ತವೆಂದು. ಏಳನೆಯ ಮನೆ ಬೀಳುವ ಹೊತ್ತಿಗೆ ಕಾಣುವುದು ಎದುರು ಫ್ಲಾಟಿನ ಬಟ್ಟೆ ಒಣಗುವ ತಂತಿ. ಮೊದಲು ಮಾರಿದವರಿಗೆ ಲಾಭ, ಕೊನೆಗೆ ಉಳಿದವರಿಗೆ ಮನೆಯ ಬಿಸಿಲೂ ಇಲ್ಲ, ಬೀದಿಯಲ್ಲಿ ಕಾರು ತಿರುಗಿಸಲು ಜಾಗವೂ ಇಲ್ಲ. ಹಿತ್ತಿಲ ಮಣ್ಣು ಕಾಂಕ್ರೀಟಾದ ಮೇಲೆ ಮಳೆನೀರು ಇಂಗುವುದು ನಿಂತು ರಸ್ತೆಗೆ ಹರಿಯುತ್ತದೆ, ಬಾವಿ ಸತ್ತು ಬೋರ್‌ವೆಲ್ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರಿಗೆ ಕಾದು ನಿಂತದ್ದನ್ನು ಯಾರೂ ಮರೆತಿಲ್ಲ. ಒಬ್ಬೊಬ್ಬ ಮಾಲೀಕನ ಸರಿಯಾದ ನಿರ್ಧಾರಗಳೆಲ್ಲ ಸೇರಿ ಎಲ್ಲರಿಗೂ ತಪ್ಪಾದ ಊರು ಆಗುತ್ತಿದೆ. ಇದನ್ನು ಒಬ್ಬ ಮಾಲೀಕ ತಡೆಯಲಾರ. ಅದಕ್ಕೇ ಬೀದಿಯ ಮಟ್ಟದ, ಬಡಾವಣೆಯ ಮಟ್ಟದ ನಿಯಮ ಬೇಕು ಎನ್ನುವುದು.

ನಿಯಮ ಎಂದೊಡನೆ ನಿಮಗಾಗುವ ಭಯವೂ ಸುಳ್ಳಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ಏನಾಗುತ್ತದೆಂದು ನೋಡಿದ್ದೀರಿ. 2010ರ ತಿದ್ದುಪಡಿಯ ಪ್ರಕಾರ ಅದರಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರು ನಿಯಂತ್ರಿತ. ಕೋಟೆ ಬಳಿಯ ಟಿಪ್ಪು ಅರಮನೆಯ ಸುತ್ತ ಮನೆ ಇರುವವರಿಗೆ ದುರಸ್ತಿಗೂ ದಿಲ್ಲಿಯ ಕಾನೂನಿನ ನೆರಳು. ‘ಹೆರಿಟೇಜ್ ಅಂದರೆ ಇದೇ, ಒಂದು ಮೊಳೆ ಹೊಡೆಯಲೂ ಪರ್ಮಿಷನ್ನು’ ಎಂದು ಮಾತು ಹಬ್ಬಿರುವುದು ಇಲ್ಲಿಂದ. ಸ್ಮಾರಕಕ್ಕೆ ಆ ಬಿಗಿ ಬೇಕಿರಬಹುದು. ಜನ ಬಾಳುವ ಬಡಾವಣೆಗೆ ಅದು ಸಲ್ಲದು. ನಾನು ಕೇಳುತ್ತಿರುವುದು ಬೇರೆ ಬಗೆಯ ಕಾನೂನು.

ಅದು ಹೇಗಿರಬಹುದು ಎಂಬುದಕ್ಕೆ ಮುಂಬಯಿಯನ್ನು ನೋಡಬೇಕು, ಅಲ್ಲಿ ಎಡವಿದ್ದನ್ನೂ ಸೇರಿಸಿ. ದೇಶದಲ್ಲೇ ಮೊದಲಿಗೆ 1995ರಲ್ಲಿ ಮುಂಬಯಿ ಪಾರಂಪರಿಕ ಕಟ್ಟಡಗಳಿಗೂ ಪ್ರದೇಶಗಳಿಗೂ ನಿಯಮ ಮಾಡಿತು. ಎಲ್ಲವನ್ನೂ ಒಂದೇ ಕೋಲಿನಿಂದ ಅಳೆಯಲಿಲ್ಲ, ಮೂರು ದರ್ಜೆ ಮಾಡಿತು. ಮೊದಲ ದರ್ಜೆಗೆ ಕೈ ಹಚ್ಚುವಂತಿಲ್ಲ. ಎರಡನೆಯದಕ್ಕೆ ಒಳಗೆ ಬದಲಾವಣೆ ಆಗಬಹುದು. ಮೂರನೆಯದಕ್ಕೆ ಒಳಗೂ ಹೊರಗೂ ಹೆಚ್ಚಿನ ಸ್ವಾತಂತ್ರ್ಯ, ಬೀದಿಯ ಚಹರೆ ಕೆಡದಿದ್ದರೆ ಸಾಕು. ಕಟ್ಟುವ ಹಕ್ಕು ಮೊಟಕಾದ ಮಾಲೀಕನಿಗೆ ಆ ಹಕ್ಕನ್ನು ಬೇರೆ ಕಡೆ ಮಾರುವ ಟಿಡಿಆರ್ ದಾರಿಯನ್ನೂ ನಿಯಮದಲ್ಲೇ ಇಟ್ಟರು. 2018ರಲ್ಲಿ ಯುನೆಸ್ಕೊ ಮುಂಬಯಿಯ ವಿಕ್ಟೋರಿಯನ್ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಗುಂಪನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಓವಲ್ ಮೈದಾನದ ಪಕ್ಕದ ಆ ಆರ್ಟ್ ಡೆಕೊ ಕಟ್ಟಡಗಳಲ್ಲಿ ಬಹಳಷ್ಟು ಅರಮನೆಯಲ್ಲ, ಗುಡಿಯಲ್ಲ, ಜನ ಸಂಸಾರ ಮಾಡಿಕೊಂಡಿರುವ ಫ್ಲಾಟುಗಳು. ಅಲ್ಲಿಯ ನಾಗರಿಕರು ಸರ್ಕಾರದ ಬೆನ್ನುಬಿದ್ದು ಮಾಡಿಸಿದ ಕೆಲಸವದು.

ಅದೇ ಮುಂಬಯಿ ಪಾಲಿಕೆ 2012ರಲ್ಲಿ ತನ್ನ ಪಟ್ಟಿಯನ್ನು ದಾದರಿನ ಶಿವಾಜಿ ಪಾರ್ಕಿನಂಥ ವಸತಿ ಪ್ರದೇಶಗಳಿಗೆ ವಿಸ್ತರಿಸಲು ಹೊರಟಾಗ ಅಲ್ಲಿಯ ನಿವಾಸಿಗಳೇ ತಿರುಗಿಬಿದ್ದರು. ಅವರ ಮಾತಿನಲ್ಲಿ ಸತ್ಯವಿತ್ತು. ಕಟ್ಟಡಗಳು ಹಳೆಯವು, ಲಿಫ್ಟಿಲ್ಲ, ವಯಸ್ಸಾದವರು ಮೆಟ್ಟಿಲು ಹತ್ತಲಾರರು, ಮರುನಿರ್ಮಾಣ ನಿಂತರೆ ಈ ಸೋರುವ ಸೂರಿನ ಕೆಳಗೇ ಸಾಯಬೇಕೇ ಎಂದು ಕೇಳಿದರು. ನಾನು ಈ ಪ್ರಸಂಗವನ್ನು ಬಹಳ ಯೋಚಿಸಿದ್ದೇನೆ. ಪಾಲಿಕೆ ಪಟ್ಟಿಯನ್ನು ಮೊದಲು ಹೊರಗಿಟ್ಟಿತು, ಜನರ ಜೊತೆ ಮಾತು ಆಮೇಲೆ ಶುರುವಾಯಿತು. ದುರಸ್ತಿಗೆ ಯಾರು ಹಣ ಕೊಡುತ್ತಾರೆ, ಲಿಫ್ಟು ಹಾಕಬಹುದೇ, ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿದ್ಧವಿಲ್ಲದೆ ಬಂದ ಸಂರಕ್ಷಣೆಯನ್ನು ಜನ ಶಿಕ್ಷೆ ಎಂದೇ ತಿಳಿಯುತ್ತಾರೆ. ಬೆಂಗಳೂರು ಆ ಕ್ರಮವನ್ನು ತಿರುಗುಮುರುಗು ಮಾಡಬೇಕು.

ಹೈದರಾಬಾದಿನದು ಇನ್ನೊಂದು ಪಾಠ. ಅಲ್ಲೂ 1995ರಲ್ಲೇ ಪಾರಂಪರಿಕ ಕಟ್ಟಡಗಳ ನಿಯಮ ಬಂದಿತ್ತು. 2015ರ ಕೊನೆಯಲ್ಲಿ ತೆಲಂಗಾಣ ಸರ್ಕಾರ ಒಂದು ಆದೇಶದಿಂದ ಅದನ್ನು ತೆಗೆದುಹಾಕಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಹೊಸ ಶಾಸನಸಭೆ ಕಟ್ಟಲು ಇರ್ರಂ ಮಂಜಿಲ್ ಅರಮನೆಯನ್ನು ಕೆಡವುವ ನಿರ್ಧಾರವಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿದ್ದರಿಂದ ಕಟ್ಟಡ ಬದುಕಿತು. ಸರ್ಕಾರದ ಆದೇಶದಿಂದ ಬಂದ ರಕ್ಷಣೆ ಸರ್ಕಾರದ ಆದೇಶದಿಂದಲೇ ಹೋಗುತ್ತದೆ. ಬೀದಿಯ ಜನ ತಮ್ಮದೆಂದು ಕೇಳಿ ಪಡೆದದ್ದನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ.

ಹಾಗಾದರೆ ನಾವು ಕೇಳಬೇಕಾದದ್ದೇನು? ಮೊದಲು ಹಣದ ಮಾತು. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಟಿಡಿಆರ್ ಪತ್ರ ಕೊಡುವ ವ್ಯವಸ್ಥೆ ನಮ್ಮಲ್ಲಿ ಇದೆ. ರಸ್ತೆಗಾಗಿ ಬಿಟ್ಟವರಿಗೆ ಕೊಡುವುದಾದರೆ, ಊರಿನ ಚಹರೆಗಾಗಿ ಎರಡು ಮಹಡಿಗೇ ನಿಂತವರಿಗೂ ಕೊಡಬೇಕು. ಬೀರುವಿನಲ್ಲಿ ಇಟ್ಟುಕೊಳ್ಳುವ ಕಾಗದ ಬೇಡ, ಮಾರಿದರೆ ನಿಜವಾಗಿ ಹಣವಾಗುವ ಪತ್ರ ಬೇಕು. ಮೆಟ್ರೋ ನಿಲ್ದಾಣಗಳ ಸುತ್ತ ಹೆಚ್ಚುವರಿ ಎಫ್‌ಎಆರ್ (ಸೈಟಿನ ಅಳತೆಗೆ ತಕ್ಕಂತೆ ಕಟ್ಟಬಹುದಾದ ವಿಸ್ತೀರ್ಣ) ಬಯಸುವ ಬಿಲ್ಡರ್‌ಗಳು ಅದನ್ನು ನಮ್ಮಿಂದ ಕೊಳ್ಳುವಂತಾದರೆ ಊರು ಬೆಳೆಯಬೇಕಾದಲ್ಲಿ ಬೆಳೆಯುತ್ತದೆ, ಉಳಿಯಬೇಕಾದಲ್ಲಿ ಉಳಿಯುತ್ತದೆ. ಜೊತೆಗೆ ಮನೆ ಉಳಿಸಿಕೊಂಡಷ್ಟು ಕಾಲ ಆಸ್ತಿ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಬೇಕು. ಸುಣ್ಣ, ಮರ, ಹೆಂಚಿನ ಕೆಲಸ ಬಲ್ಲ ಮೇಸ್ತ್ರಿಗಳನ್ನು ಪಾಲಿಕೆಯೇ ಗುರುತಿಸಿ, ತರಬೇತಿ ಕೊಟ್ಟು, ಕಡಿಮೆ ಬಡ್ಡಿಯ ದುರಸ್ತಿ ಸಾಲದ ಜೊತೆ ಒದಗಿಸಬೇಕು. ಅರ್ಜಿಗೆ ಗಡುವಿನೊಳಗೆ ಉತ್ತರ ಬರದಿದ್ದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ ಎಂಬುದು ನಿಯಮದಲ್ಲೇ ಇರಬೇಕು. ಇದಿಲ್ಲದಿದ್ದರೆ ಪಾರಂಪರಿಕ ಸಮಿತಿ ಎಂಬುದು ಲಂಚದ ಇನ್ನೊಂದು ಕಿಟಕಿಯಾಗುತ್ತದೆ, ಆಗ ಅದನ್ನು ವಿರೋಧಿಸುವವರಲ್ಲಿ ನಾನೇ ಮೊದಲಿಗ.

ಮನೆ ತನ್ನ ಅನ್ನ ತಾನೇ ದುಡಿಯಲೂ ಬಿಡಬೇಕು. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ 1943ರಿಂದ ಜನ ಬರುತ್ತಿದ್ದಾರೆ. ಹಳೆಯ ಕಟ್ಟಡ ಹೊಟ್ಟೆ ತುಂಬಿಸಬಲ್ಲದು ಎನ್ನಲು ಬೇರೆ ಪುರಾವೆ ಬೇಡ. ಸಂಗೀತದ ಶಾಲೆ, ಡಾಕ್ಟರ ಕ್ಲಿನಿಕ್ಕು, ಪುಸ್ತಕದ ಅಂಗಡಿ, ನಾಲ್ಕು ಕೋಣೆಯ ವಸತಿಗೃಹ, ಇಂಥವು ಜಗುಲಿಯ ಮನೆಗೆ ಒಗ್ಗುತ್ತವೆ. ರಾತ್ರಿಯೆಲ್ಲ ಗದ್ದಲ ಮಾಡುವ ಪಬ್ಬು ಒಗ್ಗುವುದಿಲ್ಲ. ಯಾವುದಿರಲಿ ಯಾವುದು ಬೇಡ ಎಂದು ಆ ಬೀದಿಯವರೇ ವಾರ್ಡ್ ಸಮಿತಿಯಲ್ಲಿ ಕೂತು ತೀರ್ಮಾನಿಸಲಿ.

ಇನ್ನೊಂದು ಮಾತನ್ನು ಹೇಳದೆ ಈ ಪತ್ರ ಮುಗಿಸಲಾರೆ. ಇದು ನಮ್ಮಲ್ಲಿ ಕೆಲವರಿಗೆ ಕಹಿಯಾಗಬಹುದು. ನಾವು ಉಳಿಸಲು ಹೊರಟಿರುವ ಬಡಾವಣೆಗಳು ನಿರ್ಮಲವಾದ ನೆನಪುಗಳಷ್ಟೇ ಅಲ್ಲ. ಮಲ್ಲೇಶ್ವರದ ಬ್ಲಾಕುಗಳನ್ನು ಹಂಚಿದ್ದು ಜಾತಿ, ಸಮುದಾಯಗಳ ಲೆಕ್ಕದಲ್ಲಿ. ಮನೆಯ ಹಿಂದಿನ ಆ ಕಿರುಗಲ್ಲಿಯನ್ನು ಬಿಟ್ಟದ್ದು ಮಲ ಹೊರುವವರು ಮುಂಬಾಗಿಲಿಗೆ ಕಾಣದಂತೆ ಹಿಂದಿನಿಂದಲೇ ಬಂದು ಹೋಗಲಿ ಎಂದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಿಷೇಧಿಸುವವರೆಗೆ ನಮ್ಮ ಅಂದವಾದ ಮನೆಗಳು ನಿಂತದ್ದು ಆ ದುಡಿಮೆಯ ಮೇಲೂ ಹೌದು. ಇಂದು ಮಲ್ಲೇಶ್ವರದ ಕೆಲವು ಗಲ್ಲಿಗಳನ್ನು ಶುಚಿಮಾಡಿ, ಗೋಡೆಗೆ ಚಿತ್ರ ಬರೆದು ನಡೆಯುವ ದಾರಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಆ ಚಿತ್ರಗಳ ಪಕ್ಕದಲ್ಲಿ ಆ ಗಲ್ಲಿಯಲ್ಲಿ ನಡೆದವರು ಯಾರು ಎಂಬ ಫಲಕವೂ ಇರಬೇಕು. ಸಂರಕ್ಷಣೆ ಎಂದರೆ ಅಗ್ರಹಾರವನ್ನು ಮತ್ತೆ ಕಟ್ಟುವುದು ಎಂದಾದರೆ ನನಗೆ ಅದು ಬೇಡ.

ಬಡಾವಣೆ ಎಂದಾಗ ಮಾಲೀಕರಷ್ಟನ್ನೇ ಎಣಿಸುವುದೂ ತಪ್ಪು. ವಠಾರದ ಔಟ್‌ಹೌಸಿನಲ್ಲಿ ಮೂವತ್ತು ವರ್ಷದಿಂದ ಬಾಡಿಗೆಗಿರುವ ಟೈಲರು, ಎಂಟನೇ ಅಡ್ಡರಸ್ತೆಯಲ್ಲಿ ಬುಟ್ಟಿ ಇಟ್ಟು ಕೂರುವ ಹೂವಿನವರು, ಗಾಂಧಿಬಜಾರಿನ ಬಾಳೆಎಲೆಯವರು, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಕಡಲೆಕಾಯಿ ತರುವ ರೈತರು, ಇವರೆಲ್ಲ ಸೇರಿಯೇ ಅದು ಮಲ್ಲೇಶ್ವರ, ಬಸವನಗುಡಿ. ಮನೆಗಳು ಉಳಿದು ಇವರು ಹೋದರೆ ಉಳಿಯುವುದು ಸಿನಿಮಾ ಸೆಟ್ಟು. ಸಂರಕ್ಷಣೆಯ ನಿಯಮದಲ್ಲಿ ಇವರ ಜಾಗವನ್ನೂ ಬರೆಯಬೇಕು. ಬಾಡಿಗೆದಾರರನ್ನು ಎಬ್ಬಿಸದೆ ದುರಸ್ತಿ ಮಾಡಿದ ಮಾಲೀಕನಿಗೆ ಹೆಚ್ಚಿನ ರಿಯಾಯಿತಿ ಕೊಡಲಿ. ಬೀದಿ ವ್ಯಾಪಾರಿಗಳ ಜಾಗ ನಕ್ಷೆಯಲ್ಲಿ ಗುರುತಾಗಲಿ.

ಇಷ್ಟೆಲ್ಲ ಆಗುತ್ತದೆಯೇ ಎಂದು ನೀವು ಕೇಳಬಹುದು. ಆಗಿದೆ ಎನ್ನಲು ನನ್ನ ಬಳಿ ಒಂದು ನೆನಪಿದೆ. 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. 2023ರ ಫೆಬ್ರುವರಿಯಲ್ಲಿ ಸ್ಯಾಂಕಿ ಕೆರೆಯ ಬದಿಯ ಮರಗಳಿಗಾಗಿ ಮಲ್ಲೇಶ್ವರ, ಸದಾಶಿವನಗರದವರು ಮಕ್ಕಳು ಮರಿ ಸಮೇತ ಬೀದಿಗಿಳಿದದ್ದನ್ನು ನೋಡಿದ್ದೇವೆ. ಬೇಡ ಎನ್ನಲು ನಮಗೆ ಬರುತ್ತದೆ. ಇದು ಬೇಕು, ಈ ಷರತ್ತಿನ ಮೇಲೆ ಬೇಕು ಎಂದು ಕೂಡಿ ಹೇಳುವುದನ್ನು ಇನ್ನೂ ಮಾಡಿಲ್ಲ.

ಹೊಸ ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳಿಗೆ ಕಾಯ್ದೆಯಲ್ಲಿ 60 ದಿನಗಳ ಅವಕಾಶವಿದೆ. ಅಲ್ಲಿಯವರೆಗೆ ಕಾಯಬೇಡಿ. ನಿಮ್ಮ ಅಡ್ಡರಸ್ತೆಯ ಮನೆಯವರು ಒಂದು ಭಾನುವಾರ ಯಾರಾದರೊಬ್ಬರ ಜಗುಲಿಯಲ್ಲಿ ಸೇರಿ. ಮಾರಬೇಕೆಂದಿರುವವರನ್ನೂ ಕರೆಯಿರಿ, ಬಾಡಿಗೆಯವರನ್ನೂ ಕರೆಯಿರಿ, ಅಮೆರಿಕದಲ್ಲಿರುವ ಮಗನನ್ನು ಫೋನಿನಲ್ಲಿ ಸೇರಿಸಿಕೊಳ್ಳಿ. ಎಷ್ಟು ಮನೆ ಹಳೆಯವು, ಎಷ್ಟಕ್ಕೆ ದುರಸ್ತಿ ಬೇಕು, ಏನು ಕೊಟ್ಟರೆ ಉಳಿಸಿಕೊಳ್ಳುತ್ತೀರಿ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಎಲ್ಲರೂ ಸಹಿ ಹಾಕಿ, ನಿಮ್ಮ ಪಾಲಿಕೆಯ ಆಯುಕ್ತರಿಗೂ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಲಿಕೆ ಚುನಾವಣೆಗೆ ಓಟು ಕೇಳಲು ಬಂದವರ ಕೈಗೂ ಅದರ ಒಂದು ಪ್ರತಿ ಕೊಡಿ. ಮಾಲೀಕರು ಒಪ್ಪುವುದಿಲ್ಲ ಎಂದು ಇನ್ನು ಮುಂದೆ ಯಾರೂ ನಿಮ್ಮ ಪರವಾಗಿ ಹೇಳದಿರಲಿ. ಒಪ್ಪುತ್ತೀರೋ ಇಲ್ಲವೋ, ಯಾವ ಷರತ್ತಿಗೆ ಒಪ್ಪುತ್ತೀರಿ, ನೀವೇ ಬರೆದು ಕೊಡಿ.

ಇತಿ,
ಮಲ್ಲೇಶ್ವರದ ಒಬ್ಬ ಪಾಲುದಾರ